ಒಡೆಯುವ ಕಲ್ಲೇ ಬೇಕು

ಬೆಳಿಗ್ಗೆ ಒಂಬತ್ತೂವರೆಗೆ ಬೇಕರಿಯ ಕಬ್ಬಿಣದ ತಟ್ಟೆಗೆ ತಗುಲಿ ಅವಳ ಉಂಗುರದ ಕಲ್ಲು ಒಡೆಯಿತು. ಮದುವೆಯಾಗಿ ಐದು ತಿಂಗಳಾಗಿತ್ತು.

ಕಲ್ಲು ಚಂದ್ರಕಾಂತ. ಹಾಲಿಗೆ ನೀಲಿ ಬೆಳಕು ಬೆರೆಸಿದಂತಿರುತ್ತದೆ. ನೋಡಲು ಚೆಂದ, ಏಟು ತಡೆಯುವುದಿಲ್ಲ. ಗಂಡನ ಮನೆಯಲ್ಲಿ ನಿಶ್ಚಿತಾರ್ಥಕ್ಕೆ ಅದನ್ನೇ ತೊಡಿಸುವುದು ಪದ್ಧತಿ. ತೊಟ್ಟ ಮೇಲೆ ಬಿಚ್ಚುವಂತಿಲ್ಲ. ವರ್ಷದೊಳಗೆ ಒಡೆದರೆ ಹುಡುಗಿಯ ಕಾಲ್ಗುಣ ಕೆಟ್ಟದ್ದು, ಗಂಡನ ಆಯುಸ್ಸಿಗೆ ಕುತ್ತು ಎಂದು ತವರಿಗೆ ಕಳಿಸುತ್ತಾರೆ.

ಉಂಗುರ ಆರಿಸಲು ಹೋದಾಗ ಅವಳು ಗಟ್ಟಿ ಕಲ್ಲು ಬೇಕೆಂದು ಬಾಯಿಬಿಟ್ಟೇ ಕೇಳಿದ್ದಳು. ಅಂಗಡಿಯವನೂ ನೀಲದ ಉಂಗುರವನ್ನು ಮುಂದೆ ಸರಿಸಿ, "ದಿನಾ ಕೆಲಸ ಮಾಡೋ ಕೈಗೆ ಇದು ಸರಿ. ಸುಲಭಕ್ಕೆ ಗೀರೂ ಬೀಳಲ್ಲ," ಎಂದಿದ್ದ.

"ಅತ್ತೆ, ನಾನು ಹಿಟ್ಟು ನಾದಿ ತಟ್ಟೆ ಎತ್ತೋಳು. ಇದನ್ನೇ ತಗೊಳ್ಳೋಣ."

"ಒಡೀದೇ ಇರೋ ಕಲ್ಲು ಹಾಕಿದ್ರೆ ನೀನೆಂಥವಳು ಅಂತ ನಮಗೆ ಗೊತ್ತಾಗೋದು ಹೇಗಮ್ಮ?"

"ಕಲ್ಲು ಒಡೆಯೋದು ಏಟಿಗೆ. ನನ್ನ ಗುಣಕ್ಕಲ್ಲ."

"ನಿನ್ನ ನಾಲಿಗೆಯಷ್ಟು ಗಟ್ಟಿ ಕಲ್ಲು ಈ ಅಂಗಡೀಲಿ ಇಲ್ಲ ಬಿಡು."

ಹುಡುಗ ಫೋನಿನಿಂದ ತಲೆಯೆತ್ತಿ, "ಒಂದು ವರ್ಷ ತಾನೆ, ಹುಷಾರಾಗಿರು," ಎಂದಿದ್ದ.

ಅವಳು ಹುಷಾರಾಗಿಯೇ ಇದ್ದಳು. ಕೆಲಸದಲ್ಲಿ ಬೆರಳಿಗೆ ಬಟ್ಟೆ ಸುತ್ತುತ್ತಿದ್ದಳು. ಮಲಗುವಾಗ ಕೈಯನ್ನು ದಿಂಬಿನಡಿ ಇಟ್ಟುಕೊಳ್ಳುತ್ತಿದ್ದಳು. ಅಂದು ಬಟ್ಟೆ ಒದ್ದೆಯಾಗಿ ಜಾರಿತ್ತು.

ಮಧ್ಯಾಹ್ನ ಅತ್ತೆ ಅವಳ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ.

"ಬಟ್ಟೆಬರೆ ಮಡಚಿಕೋ," ಎಂದರು.

"ನಿಮ್ಮ ಮಗನಿಗೆ ಏನಾಗಿದೆ ಅತ್ತೆ? ಊಟ ಮಾಡ್ತಾ ಕೂತಿದ್ದಾರೆ ನೋಡಿ."

"ಏನಾದ್ರೂ ಆಗೋವರೆಗೆ ಕಾಯಬೇಕಾ? ನಿಮ್ಮ ಮಾವನ ಮೊದಲ ಹೆಂಡತೀದೂ ಹೀಗೇ ಒಡೀತು. ಅವಳು ಹೋದಳು, ನಾನು ಬಂದೆ. ವರ್ಷವಿಡೀ ಎಡಗೈಲೇ ಬಟ್ಟೆ ಒಗೆದೆ. ನಿನಗೆ ಅಷ್ಟೂ ಆಗಲಿಲ್ವಾ?"

ಮಾತಾಡುವಾಗಲೂ ಅವರು ತಮ್ಮ ಉಂಗುರವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದರು.

"ಮಾವ ತೀರಿಕೊಂಡು ಮೂರು ವರ್ಷ ಆಯ್ತಲ್ಲ ಅತ್ತೆ," ಎಂದಳು ಸೊಸೆ. "ನಿಮ್ಮ ಕಲ್ಲು ಹಾಗೇ ಇದೆ."

ಅತ್ತೆ ಉಂಗುರದ ಕೈಯನ್ನು ಸೆರಗಿನಡಿಗೆ ಎಳೆದುಕೊಂಡರು. ಆಮೇಲೆ, "ಇವಳ ಪೆಟ್ಟಿಗೆ ಇಳಿಸು," ಎಂದು ಮಗನಿಗೆ ಹೇಳಿದರು.

ಅವನು ಕೈ ತೊಳೆದು ಬಂದು ಅಟ್ಟದಿಂದ ಪೆಟ್ಟಿಗೆ ಇಳಿಸಿದ, ಧೂಳನ್ನೂ ಒರೆಸಿದ. "ಅಮ್ಮನ ಮನಸ್ಸು ಸ್ವಲ್ಪ ತಣ್ಣಗಾಗಲಿ," ಎಂದ. ಅವಳ ಮುಖ ನೋಡಲಿಲ್ಲ.

ಮುಂದಿನ ವರ್ಷ ತಾಯಿ, ಮಗ, ಹೊಸ ಹುಡುಗಿ ಅದೇ ಅಂಗಡಿಗೆ ಹೋದರು. ಅಂಗಡಿಯವನು ಈ ಸಲವೂ ನೀಲದ ಉಂಗುರವನ್ನು ಮುಂದೆ ಸರಿಸಿದ. ಅವರು ಚಂದ್ರಕಾಂತ ಕೊಂಡರು.