ಮಡಕೆಯ ಕೊರಳಿನ ಕೆಂಪು ದಾರ

ಆ ಮಡಕೆಯ ಕೊರಳಲ್ಲಿದ್ದ ಕೆಂಪು ದಾರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಳಗೆ ಹುಳಿ ಮಜ್ಜಿಗೆ, ಮಜ್ಜಿಗೆಯಲ್ಲಿ ಒಂದು ನಂಜಿನ ಗೆಡ್ಡೆ. ದಿನವೂ ಮಜ್ಜಿಗೆ ಬದಲಿಸಿ ಏಳು ದಿನ ನೆನೆಸಿದರೆ ಕೀಲುನೋವಿಗೆ ಮದ್ದು. ಮುಂಚೆಯೇ ತಿಂದರೆ ಸಾವು. ನಂಜು ಇಳಿಯುವವರೆಗೆ ದಾರ ಬಿಚ್ಚಬಾರದೆಂಬುದು ನಾಟಿ ವೈದ್ಯೆ ಪುಟ್ಟೀರಮ್ಮನ ಮನೆತನದ ಕಟ್ಟಳೆ.

ನಾನು ಅರಿಶಿನ ಬೆಳೆಯುವವರ ಮಗ. ಬೇರು ನಾರು ಅಜ್ಜಿಯಿಂದ ಕಲಿತೆ, ಆಮೇಲೆ ನೇಗಿಲು ಬಿಟ್ಟು ಕ್ಯಾಮೆರಾ ಹಿಡಿದೆ. ಯಾರ ಹಂಗೂ ಇಲ್ಲದೆ ಸಾಕ್ಷ್ಯಚಿತ್ರ ಮಾಡುತ್ತೇನೆಂಬ ಗರ್ವ ಬೇರೆ.

"ನಾನ್ ಸತ್ ಮ್ಯಾಲೆ ಈ ವಿದ್ಯೆ ಮಣ್ಣಾಗ್ಬಾರ್ದು ಕಣಪ್ಪ. ಏಳು ದಿನಾನೂ ತಗಿ, ಒಂದೂ ಬಿಡ್ಬ್ಯಾಡ," ಎಂದು ಪುಟ್ಟೀರಮ್ಮ ಗಿಣಿಗೆ ಹೇಳಿದಂತೆ ಹೇಳಿದ್ದಳು.

ತೆಗೆದೆ. ಆದರೆ ಕತ್ತರಿಸಿ ಜೋಡಿಸಲು ಕೂತಾಗ ನನಗೇ ಆಕಳಿಕೆ ಬಂತು. ಅದೇ ಮಡಕೆ, ಅದೇ ಮೂಲೆ. ದಾರ ಕಟ್ಟುವ ಕೈ ಇಟ್ಟುಕೊಂಡೆ, ಬಿಚ್ಚುವ ಕೈ ಇಟ್ಟುಕೊಂಡೆ, ನಡುವಿನದೆಲ್ಲ ಕಿತ್ತುಹಾಕಿದೆ. ಗೆಡ್ಡೆ ನೆನೆಯಬೇಕೆಂದು ಯಾರಿಗೆ ಗೊತ್ತಿಲ್ಲ, ಅಂದುಕೊಂಡೆ. ಗೊತ್ತಿದ್ದದ್ದು ನನಗೆ, ನೋಡುವವರಿಗಲ್ಲ!

ಚಿತ್ರವನ್ನು ಮೊದಲು ತೋರಿಸಿದ್ದು ಅದೇ ಊರಿನ ಛತ್ರದಲ್ಲಿ. ಪರದೆ ಹೊಲಿದುಕೊಟ್ಟವನು ದರ್ಜಿ ರುದ್ರಯ್ಯ. ಎರಡು ತಿಂಗಳು ನನಗೆ ಅನ್ನ ಹಾಕಿದ ಮನೆಯವನು. ಪಾಪ, ಕೀಲುನೋವಿನ ಸೊಂಟ ಹಿಡಿದುಕೊಂಡೇ ಹೊಲಿದಿದ್ದ.

ಪರದೆಯ ಮೇಲೆ, ಕಟ್ಟಿದ ದಾರ ಮರುಕ್ಷಣವೇ ಬಿಚ್ಚಿಕೊಂಡಿತು. ಪಕ್ಕದಲ್ಲಿದ್ದ ಪುಟ್ಟೀರಮ್ಮ ಪರದೆ ಬಿಟ್ಟು ನನ್ನ ಮುಖ ನೋಡಿದಳು.

"ಮಿಕ್ಕಿದ್ದೆಲ್ಲಪ್ಪ?"

"ಉದ್ದ ಆಗ್ತಿತ್ತು, ತೆಗೆದೆ."

"ಅಯ್ಯೋ, ಈಗ್ಲೇ ನಿಲ್ಸು. ಜನಕ್ ಹೇಳ್ಬೇಕು."

"ಮುಗೀಲಿ, ಸುಮ್ನಿರವ್ವ."

ಮುಗಿದಾಗ ನನಗೆ ಶಾಲು ಹೊದಿಸಿದರು. ಅವಳು ಎದ್ದು ನಿಂತು ಕೂಗಿದ್ದು ಚಪ್ಪಾಳೆಯಲ್ಲಿ ಮುಚ್ಚಿಹೋಯಿತು. ಹೇಳಬೇಕಾದವನು ನಾನು, ಶಾಲು ಸರಿಮಾಡಿಕೊಳ್ಳುತ್ತಿದ್ದೆ.

ಮೂರನೆಯ ದಿನ ಬೆಳಗ್ಗೆ ರುದ್ರಯ್ಯನ ಮನೆ ಮುಂದೆ ಜನ ಸೇರಿದ್ದರು. ಅವನ ಹೆಂಡತಿ ಕೆಂಪಾಜಿ ನನ್ನನ್ನು ಕಂಡು ಓಡಿಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನೀವ್ ತೋರ್ಸ್‌ದಂಗೇ ಮಾಡ್ದೆ ಕಣಣ್ಣ. ಮಜ್ಜಿಗೆಗೆ ಹಾಕ್ದೆ, ದಾರ ಕಟ್ದೆ, ಬಿಚ್ದೆ, ಅರೆದ್ ಕುಡಿಸ್ದೆ. ಎಲ್ಲಿ ತಪ್ದೆ ಹೇಳಣ್ಣ."

ಒಳಗೆ ರುದ್ರಯ್ಯನ ಹೆಣದ ಮೇಲೆ ಹೊದಿಸಿದ್ದು ಅವನೇ ಹೊಲಿದ ಪರದೆ. ನೀನು ತಪ್ಪಲಿಲ್ಲ ತಾಯಿ, ಎನ್ನಲು ನನಗೆ ನಾಲಿಗೆ ಬರಲಿಲ್ಲ. ಆ ಹೇಡಿತನಕ್ಕೆ ಕ್ಷಮೆ ಇಲ್ಲ. ಊರು ಪುಟ್ಟೀರಮ್ಮನನ್ನೇ ಕೊಲೆಗಾತಿ ಎಂದಿತು, ಅವಳ ಬಾಗಿಲಿಗೆ ಮುಳ್ಳು ಬಡಿಯಿತು.

ಹೊರಡುವ ಮುನ್ನ ಅವಳ ಕಾಲಿಗೆ ಬಿದ್ದೆ. ಅವಳು ನನ್ನ ಚೀಲದಿಂದ ಚಿತ್ರದ ಡಬ್ಬಿ ತೆಗೆದು, ಮಡಕೆಯ ಆ ಕೆಂಪು ದಾರವನ್ನು ಅದಕ್ಕೆ ಬಿಗಿದಳು.

"ಇದ್ರಾಗಿನ್ನೂ ನಂಜೈತೆ. ಏಳು ದಿನಾನೂ ಸೇರ್ಸೋಕೆ ಅಂತ್ಲೇ ಬಿಚ್ಚು."

ಕಿತ್ತುಹಾಕಿದ ಆ ಏಳು ದಿನಗಳನ್ನು ನಾನು ಆಗಲೇ ಸುಟ್ಟುಬಿಟ್ಟಿದ್ದೆ. ಅವಳಿಗೆ ಅದನ್ನು ಹೇಳಲಿಲ್ಲ.

ಡಬ್ಬಿ ನನ್ನ ಮೇಜಿನ ಮೇಲಿದೆ. ದಾರ ಬಣ್ಣಗೆಟ್ಟಿದೆ, ಗಂಟು ಮಾತ್ರ ಅವಳು ಹಾಕಿದಂತೆಯೇ ಇದೆ.