ಮಾಶಿಮಾನ ಮಾರಿಸ್ ಗಾಡಿ ಗುಟುರು ಹಾಕಿದ್ದು

ಸುಭದ್ರಾ ತನ್ನ ನೌಕರಿಯ ವರ್ಷಗಳನ್ನೆಲ್ಲ ಗಾರ್ಡನ್ ರೀಚ್‌ನ ಹಡಗು ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತ ಕಳೆದವಳು. ಹಡಗಿನ ಹೊಟ್ಟೆಯೊಳಗೆ ಎಂಜಿನ್ ಎಲ್ಲಿ ಕೂರಬೇಕು, ಅದರ ಕೊಳವೆಗಳು ಯಾವ ಗೋಡೆ ತೂರಿ ಎಲ್ಲಿಗೆ ಹೋಗಬೇಕು ಎಂಬುದನ್ನು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಎಳೆದುಕೊಡುತ್ತಿದ್ದಳು. ಆದರೆ ಒಂದೇ ಒಂದು ನಟ್ಟನ್ನೂ ಸ್ವಂತ ಕೈಯಿಂದ ಬಿಗಿದಿರಲಿಲ್ಲ. ಅದು ಬೇರೆಯವರ ಕೆಲಸ. ಹೊಸ ಹಡಗು ಹೂಗ್ಲಿ ನದಿಗಿಳಿಯುವಾಗ ದಡದಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಅವಳಿಗೆ ಮಾತ್ರ, ಒಮ್ಮೆ ಒಳಗಿಳಿದು ಆ ಎಂಜಿನ್ನಿನ ಮೈಮೇಲೆ ಕೈಯಿಟ್ಟು ನೋಡಬೇಕು ಅನ್ನಿಸುತ್ತಿತ್ತು.

ಆ ಆಸೆ ತೀರುವ ದಾರಿ ಅವಳ ಮನೆಯಂಗಳದಲ್ಲೇ ಇತ್ತು. ಸುಭದ್ರಾ ಮತ್ತು ಗಂಡ ನಂಜುಂಡಪ್ಪ ಭವಾನಿಪುರದ ಹಳೆಯ ಮನೆಯೊಂದರ ಕೆಳಗಿನ ಅಂತಸ್ತಿನಲ್ಲಿ ಬಹುಕಾಲದಿಂದ ಬಾಡಿಗೆಗಿದ್ದರು. ಮೇಲಿನ ಅಂತಸ್ತಿನಲ್ಲಿ ಮನೆಯ ಒಡತಿ ಅಣಿಮಾ ಬಾಗ್ಚಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ, ಎಂಬತ್ತು ದಾಟಿದ ಒಂಟಿ ಹೆಂಗಸು. ಇಡೀ ಓಣಿಗೆ ಅವರು ಮಾಶಿಮಾ, ಅಂದರೆ ಚಿಕ್ಕಮ್ಮ. ಅಂಗಳದ ಮೂಲೆಯ ಗ್ಯಾರೇಜಿನಲ್ಲಿ, ಮುರಿದ ಕುರ್ಚಿ, ಹಳೆಯ ಹಾಸಿಗೆ, ಖಾಲಿ ಹೂಕುಂಡಗಳ ಅಡಿಯಲ್ಲಿ ಅವರ ಮಾರಿಸ್ ಮೈನರ್ ಕಾರು ಮಲಗಿತ್ತು. ಗುಂಡುಗುಂಡಾದ ಬೆನ್ನು, ಕಪ್ಪೆಗಣ್ಣಿನ ಹಾಗೆ ಉಬ್ಬಿದ ದೀಪಗಳು. ಅದು ಕೊನೆಯ ಸಲ ಓಡಿದ್ದು ಯಾವಾಗ ಎಂದು ಕೇಳಿದರೆ ಮಾಶಿಮಾ, "ಟ್ರಾಮಿನಲ್ಲಿ ಆರಾಮಾಗಿ ಕೂರಲು ಜಾಗ ಸಿಗುತ್ತಿದ್ದ ಕಾಲದಲ್ಲಿ" ಎನ್ನುತ್ತಿದ್ದರು.

ಸುಭದ್ರಾ ನಿವೃತ್ತಳಾದ ವರ್ಷ ಮಾಶಿಮಾ ಅವಳನ್ನು ಮೆಟ್ಟಿಲ ಬಳಿ ನಿಲ್ಲಿಸಿದರು. "ಶುಭೊದ್ರಾ, ಆ ಗಾಡಿಯನ್ನು ತೆಗೆದುಕೊಂಡು ಹೋಗುವವರು ಯಾರಾದರೂ ಗೊತ್ತಾ? ಗ್ಯಾರೇಜಿನಲ್ಲಿ ಇಲಿ ಮರಿ ಹಾಕುತ್ತಿದೆ" ಎಂದು ಬಂಗಾಳಿಯಲ್ಲಿ ಕೇಳಿದರು.

"ಗೊತ್ತು ಮಾಶಿಮಾ."

"ಯಾರು?"

"ನಾನೇ. ತೆಗೆದುಕೊಂಡು ಹೋಗುವುದಿಲ್ಲ. ಇಲ್ಲೇ ಬಿಚ್ಚಿ ಕಟ್ಟುತ್ತೇನೆ."

ಮಾಶಿಮಾ ಕನ್ನಡಕ ಸರಿಮಾಡಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೊಂಟದ ಗೊಂಚಲಿನಿಂದ ಗ್ಯಾರೇಜಿನ ಬೀಗದ ಕೈ ಬಿಡಿಸಿ ಕೊಟ್ಟರು.

ಬಿಚ್ಚುವುದೇನೋ ಒಂದು ಚಳಿಗಾಲದಲ್ಲಿ ಮುಗಿಯಿತು. ಕಟ್ಟುವುದಕ್ಕೆ ಎರಡು ವರ್ಷ ಹಿಡಿಯಿತು. ಪಿಸ್ಟನ್‌ಗಳು ತುಕ್ಕಿನಿಂದ ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ವಾರಗಟ್ಟಲೆ ಎಣ್ಣೆ ಕುಡಿಸಿ, ಮರದ ತುಂಡಿಟ್ಟು ಬಡಿದು, ಒಂದೊಂದನ್ನೂ ಹಲ್ಲು ಕಿತ್ತ ಹಾಗೆ ಕಿತ್ತಳು. ಎಂಜಿನ್ನಿನ ಒಡಲನ್ನು ಸೈಕಲ್ ರಿಕ್ಷಾದಂಥ ಒಂದು ತುಳಿಯುವ ವ್ಯಾನಿನಲ್ಲಿ ಹೇರಿಕೊಂಡು ಮಲ್ಲಿಕ್ ಬಜಾರಿಗೆ ಹೋಗಿ, ಸಿಲಿಂಡರ್ ಕೊರೆಸಿ ತಂದಳು. ಉಳಿದದ್ದನ್ನೆಲ್ಲ ತಾನೇ ಮಾಡಿದಳು. ತಪ್ಪು ಮಾಡಿದಳು, ಮತ್ತೆ ಬಿಚ್ಚಿದಳು, ಮತ್ತೆ ಕೂರಿಸಿದಳು. ಕೈಯುಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗದಾಯಿತು.

ಸಿಯಾಲ್ದಾದ ರೈಲ್ವೆ ಕಚೇರಿಯಲ್ಲಿ ಗಾಡಿಗಳ ವೇಳಾಪಟ್ಟಿ ಸರಿತೂಗಿಸುತ್ತಿದ್ದ ನಂಜುಂಡಪ್ಪ ಅಡುಗೆಮನೆಯನ್ನು ವಹಿಸಿಕೊಂಡ. ಮೊದಮೊದಲು ಅವನ ಸಾರು ನೀರಿನ ಹಾಗಿರುತ್ತಿತ್ತು. ಎರಡನೆಯ ವರ್ಷದ ಹೊತ್ತಿಗೆ ಓಣಿಯ ಹೆಂಗಸರು ಅವನ ಬಿಸಿಬೇಳೆಬಾತಿಗೆ ಡಬ್ಬಿ ಕಳಿಸುವಂತಾಯಿತು. ಮಂಚದ ಕೆಳಗೆ ಎಂಜಿನ್ನಿನ ಭಾಗಗಳನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದಾಗಲೂ ಅವನು ಗೊಣಗಲಿಲ್ಲ. "ಕಸ ಗುಡಿಸೋವಾಗ ಕಾಲಿಗೆ ತಾಗತ್ತೆ, ಸ್ವಲ್ಪ ಒಳಕ್ಕೆ ತಳ್ಳಲಾ?" ಎಂದಷ್ಟೇ ಕೇಳಿದ.

ಎಂಜಿನ್ ಮತ್ತೆ ಕಾರಿನೊಳಗೆ ಕೂತ ಮೇಲೆ, ಅದನ್ನು ಯಾವ ದಿನ ಹೊತ್ತಿಸುವುದು ಎಂಬ ಮಾತು ಬಂತು. ಸುಭದ್ರಾಳಿಗೆ ಯಾರೂ ಇಲ್ಲದ ಒಂದು ಮಧ್ಯಾಹ್ನ ಸಾಕಿತ್ತು. ನಂಜುಂಡಪ್ಪ ಆಯುಧಪೂಜೆ ಎಂದ. "ಆಯುಧಪೂಜೆ ನಿಮ್ಮೂರಲ್ಲಿ. ಇದು ಕಲ್ಕತ್ತೆಯ ಗಾಡಿ, ವಿಶ್ವಕರ್ಮ ಪೂಜೆಗೆ ಹೊರಡಲಿ" ಎಂದು ಮಾಶಿಮಾ ತೀರ್ಪು ಕೊಟ್ಟರು. ಅಲ್ಲಿಗೆ ಇಡೀ ಓಣಿಗೆ ಸುದ್ದಿಯಾಯಿತು.

ಹಾಗಾಗಿ ಸೆಪ್ಟೆಂಬರಿನ ಆ ಬೆಳಿಗ್ಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಳೆ ತೊಳೆದ ಆಕಾಶದ ತುಂಬ ಗಾಳಿಪಟ. ಯಾವುದೋ ಮಾಳಿಗೆಯಲ್ಲಿ ಪಟ ಕಡಿದಾಗಲೆಲ್ಲ "ಭೋಕಾಟ್ಟಾ" ಎಂಬ ಕೂಗು ಓಣಿಯುದ್ದಕ್ಕೂ ಹರಿಯುತ್ತಿತ್ತು. ಮಾಶಿಮಾ ಮೇಲಿನ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಲಿಪುರದ ಆಫೀಸಿಗೆ ರಜೆ ಹಾಕಿ ಬಂದ ಸುಭದ್ರಾಳ ಮಗಳು ಶ್ರಾವ್ಯಾ ಬಾನೆಟ್ಟಿಗೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ತೂಗಿಹಾಕಿದಳು. ಬ್ಯಾಂಕಿನಿಂದ ನಿವೃತ್ತರಾದ, ಅದೇ ಓಣಿಯ, ಉಡುಪಿ ಕಡೆಯ ಜಯಕರ, ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು, ಎಲ್ಲರಿಗಿಂತ ಹತ್ತಿರದಿಂದ ನೋಡಬೇಕೆಂದು ಕಾರಿನ ಹಿಂಭಾಗಕ್ಕೇ ಹೋಗಿ ನಿಂತಿದ್ದರು.

"ಇಷ್ಟು ವರ್ಷ ಮಲಗಿದ್ದು ಒಂದೇ ಸಲಕ್ಕೆ ಏಳ್ಲಿಕ್ಕುಂಟಾ ಮಾರಾಯ್ರೆ? ನನಗೆ ಯಾಕೋ ಡೌಟು" ಎಂದರು ಜಯಕರ.

"ಒಂದೇ ಸಲಕ್ಕೆ ಅಂತ ನಾನೂ ಹೇಳಿಲ್ಲ ಜಯಕರ ಅವರೇ. ನೀವು ಸ್ವಲ್ಪ ಈ ಕಡೆ ಬಂದ್ರೆ ಒಳ್ಳೇದು" ಎಂದಳು ಸುಭದ್ರಾ.

"ಇಲ್ಲೇ ಸರಿ ಉಂಟು."

ಸುಭದ್ರಾ ಸ್ಪಾರ್ಕ್ ಪ್ಲಗ್ ಇಲ್ಲದೆಯೇ ಎಂಜಿನ್ನನ್ನು ಮೊದಲು ಸುಮ್ಮನೆ ತಿರುಗಿಸಿ, ಎಣ್ಣೆ ಎಲ್ಲ ಕಡೆಗೂ ಹರಿದಿದೆಯೆಂದು ಖಚಿತ ಮಾಡಿಕೊಂಡಿದ್ದಳು. ಈಗ ಪ್ಲಗ್‌ಗಳನ್ನು ಬಿಗಿದು, ತಂತಿಗಳನ್ನು ಸಿಕ್ಕಿಸಿ, ಚಾಲಕನ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಬಾನೆಟ್ಟಿನಡಿಯ ಪುಟ್ಟ ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದು ಬಡಿದುಕೊಂಡು, ಕಾರ್ಬ್ಯುರೇಟರ್ ತುಂಬಿದೊಡನೆ ನಿಂತಿತು. ಅವಳು ಸ್ಟಾರ್ಟರಿನ ಗುಂಡಿ ಎಳೆದಳು.

ಎಂಜಿನ್ ಗರಗರ ತಿರುಗಿತು. ತಿರುಗಿತು, ತಿರುಗಿತು, ಹತ್ತಲಿಲ್ಲ. ಎರಡನೆಯ ಸಲ ಎಳೆದಾಗ ಮುಂದಿನಿಂದ ಢಮ್ ಎಂದು ಒಂದು ಸದ್ದು, ಹಿಂದಿನಿಂದ ಅದಕ್ಕಿಂತ ದೊಡ್ಡದೊಂದು. ಹೊಗೆ ಕೊಳವೆ ಅಷ್ಟು ವರ್ಷದ ಮಸಿಯನ್ನೆಲ್ಲ ಒಟ್ಟಿಗೇ ಉಗುಳಿತು. ಹೊಗೆ ಕರಗಿದಾಗ ಜಯಕರರ ಪಂಚೆ ಮೊಣಕಾಲಿನ ಕೆಳಗೆ ಕಡುಬೂದು ಬಣ್ಣಕ್ಕೆ ತಿರುಗಿತ್ತು. ಅವರು ಕೆಳಗೆ ನೋಡಿಕೊಂಡು, "ಎಂತದು ಇದು" ಎಂದು ಮೆಲ್ಲಗೆ ಹೇಳಿದರು. ಅಂಗಳ ಹೊಟ್ಟೆ ಹಿಡಿದು ನಕ್ಕಿತು. ಸ್ವಲ್ಪ ಹೊತ್ತಿಗೆ ಅವರೂ ನಕ್ಕರು.

ಸುಭದ್ರಾಳಿಗೆ ನಗು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ಅದೇ ಢಮ್. ಒಬ್ಬರು ಪೆಟ್ರೋಲ್ ಕೆಟ್ಟಿದೆ ಎಂದರು, ಇನ್ನೊಬ್ಬರು ಬ್ಯಾಟರಿ ಸಾಲದು ಎಂದರು, ಮತ್ತೊಬ್ಬರು ತಳ್ಳೋಣ ಎಂದು ತೋಳು ಮೇಲೇರಿಸಿದರು. ಅಷ್ಟು ಬಾಯಿಗಳ ನಡುವೆ ಅವಳಿಗೆ ತನ್ನ ತಲೆಯೊಳಗಿನ ಮಾತೇ ಕೇಳಿಸಲಿಲ್ಲ.

ನಂಜುಂಡಪ್ಪ ಅವಳ ಮುಖ ನೋಡಿದ. ಅಂಗಳದ ನಡುವೆ ನಿಂತು, ಪ್ಲಾಟ್‌ಫಾರ್ಮಿನಲ್ಲಿ ಗಾಡಿ ತಡ ಎಂದು ಸಾರುವವನ ಗತ್ತಿನಲ್ಲಿ, ತನ್ನ ಒರಟು ಬಂಗಾಳಿಯಲ್ಲಿ ಹೇಳಿದ. "ಎಲ್ಲರೂ ಮಾಳಿಗೆಗೆ ನಡೆಯಿರಿ. ಮೇಲೆ ಖಿಚುಡಿ ಇದೆ, ಬದನೆಕಾಯಿ ಕರಿದದ್ದು ಇದೆ, ಗಾಳಿಪಟ ಇದೆ. ಗಾಡಿ ಹೊರಡುವಾಗ ಕರೆಯುತ್ತೇವೆ." ಖಿಚುಡಿಯ ಹೆಸರಿಗೆ ಅಂಗಳ ಖಾಲಿಯಾಯಿತು. ಜಯಕರ ಮಸಿ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಮೆಟ್ಟಿಲೇರಿದರು.

ಶ್ರಾವ್ಯಾ ಮಾತ್ರ ಹೋಗಲಿಲ್ಲ. "ಅಮ್ಮಾ, ಟೆನ್ಷನ್ ತಗೋಬೇಡ. ಹೊಬೆ, ಹೊಬೆ, ಆಗೇ ಆಗತ್ತೆ. ನೀರು ಬೇಕಾ?" ಎಂದಳು.

"ಬೇಡ. ಇಲ್ಲಿ ಕೂತ್ಕೋ, ಮಾತಾಡ್ಬೇಡ."

ಸುಭದ್ರಾ ಬಾನೆಟ್ ಎತ್ತಿಟ್ಟು, ಅಂಚಿಗೆ ಎರಡೂ ಕೈ ಊರಿ ಎಂಜಿನ್ನನ್ನೇ ನೋಡುತ್ತ ನಿಂತಳು. ಪೆಟ್ರೋಲ್ ಬರುತ್ತಿದೆ. ಕಿಡಿ ಬರುತ್ತಿದೆ, ಇಲ್ಲದಿದ್ದರೆ ಢಮ್ ಎನ್ನುತ್ತಿರಲಿಲ್ಲ. ಎರಡೂ ಇವೆ, ಆದರೆ ಒಂದಕ್ಕೊಂದು ಭೇಟಿಯಾಗುತ್ತಿಲ್ಲ. ಅಂದರೆ ಕಿಡಿ ಬರುವ ಹೊತ್ತು ತಪ್ಪಾಗಿದೆ. ಹೇಗೆ ತಪ್ಪಾದೀತು? ಪಿಸ್ಟನ್ ತುತ್ತತುದಿಗೆ ಬಂದಾಗ ಕಿಡಿ ಹಾರುವಂತೆ, ಗುರುತಿಗೆ ಗುರುತು ಕೂಡಿಸಿ ತಾನೇ ಇಟ್ಟಿದ್ದಳು. ಕಣ್ಣು ಮುಚ್ಚಿ ಎಂಜಿನ್ನಿನ ಒಳಗನ್ನು ಮನಸ್ಸಿನಲ್ಲೇ ಬರೆದುಕೊಂಡಳು. ಹಡಗಿನ ಎಂಜಿನ್ನುಗಳನ್ನು ಹೀಗೇ ತಾನೇ ಬರೆದದ್ದು. ಪಿಸ್ಟನ್ ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು.

ಮತ್ತೆ ಮೇಲೆ ಬಂತು.

ಅವಳು ಕಣ್ಣು ತೆರೆದಳು. ಪಿಸ್ಟನ್ ತುದಿಗೆ ಬರುವುದು ಎರಡು ಸಲ. ಒಮ್ಮೆ ಗಾಳಿಯನ್ನು ಒತ್ತಿ ಹಿಡಿದುಕೊಂಡು, ಇನ್ನೊಮ್ಮೆ ಸುಟ್ಟ ಹೊಗೆಯನ್ನು ಹೊರಗೆ ದೂಡುತ್ತ. ಎರಡು ಸಲವೂ ಗುರುತು ಅದೇ ಜಾಗಕ್ಕೆ ಬರುತ್ತದೆ. ತಾನು ಹಿಡಿದದ್ದು ಯಾವುದನ್ನು?

"ರೀ, ಹ್ಯಾಂಡಲ್ ತಗೊಳ್ಳಿ. ಪ್ಲಗ್ಗೆಲ್ಲ ಬಿಚ್ತೀನಿ. ನಾನು ಹೇಳಿದ ಹಾಗೆ ನಿಧಾನಕ್ಕೆ ತಿರುಗಿಸಿ."

ನಂಜುಂಡಪ್ಪ ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಮೊಣಕಾಲೂರಿದ. ಅವಳು ಮೊದಲನೆಯ ಸಿಲಿಂಡರಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದಳು. ಅವನು ಅರ್ಧ ಸುತ್ತು ತಿರುಗಿಸಿದ, ಮತ್ತೆ ಅರ್ಧ. ಬೆರಳಿನಡಿ ಏನೂ ಇಲ್ಲ. ಇನ್ನೊಂದು ಸುತ್ತು. ಈಗ ಒಳಗಿಂದ ಗಾಳಿ ಏರಿ ಬಂದು ಹೆಬ್ಬೆರಳನ್ನು ಎತ್ತಿ, ಪುಸ್ ಎಂದು ಜಾರಿತು. ಎರಡು ವರ್ಷ ಅವಳು ತಿಕ್ಕಿ ತೀಡಿದ ತಣ್ಣನೆಯ ಲೋಹ ಮೊದಲ ಬಾರಿ ಅವಳ ಕೈಯನ್ನು ಮರಳಿ ಒತ್ತಿತ್ತು.

"ಅಲ್ಲೇ ನಿಲ್ಲಿಸಿ. ಶ್ರಾವ್ಯಾ, ಟಾರ್ಚ್ ಹಿಡಿ."

ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಒಳಗಿನ ಪುಟ್ಟ ಕಡ್ಡಿ ಈಗ ಮೊದಲನೆಯ ಸಿಲಿಂಡರಿನ ತಂತಿಯ ಕಡೆ ಮುಖ ಮಾಡಿರಬೇಕಿತ್ತು. ಅದು ಬೆನ್ನು ತಿರುಗಿಸಿಕೊಂಡು, ನಾಲ್ಕನೆಯದರ ತಂತಿಯನ್ನು ದಿಟ್ಟಿಸುತ್ತಿತ್ತು.

ಸುಭದ್ರಾಳಿಗೆ ಈಗ ನಗು ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳಲು ಹೋಗಿ ಹಣೆಗೆಲ್ಲ ಮಸಿ ಮೆತ್ತಿಕೊಂಡಳು.

"ಏನಾಯ್ತೇ?" ಎಂದ ನಂಜುಂಡಪ್ಪ, ಹ್ಯಾಂಡಲ್ ಬಿಡದೆ.

"ಸರಿಯಾಗಿ ಅರ್ಧ ಸುತ್ತು ಉಲ್ಟಾ ಕೂರಿಸಿದೀನಿ ಕಣ್ರೀ. ಇಷ್ಟೂ ಹೊತ್ತು ಹೊಗೆಗೆ ಬೆಂಕಿ ಹಚ್ತಾ ಇದ್ದೆ."

"ಅಂದ್ರೆ ಮತ್ತೆ ಎಲ್ಲ ಬಿಚ್ಬೇಕಾ?"

"ಏನೂ ಬಿಚ್ಚೋದು ಬೇಡ. ನಾಲ್ಕು ತಂತಿ ಅದಲು ಬದಲು ಮಾಡಿದ್ರೆ ಮುಗೀತು."

ಒಂದನೆಯದನ್ನು ನಾಲ್ಕರ ಜಾಗಕ್ಕೆ, ನಾಲ್ಕನೆಯದನ್ನು ಒಂದಕ್ಕೆ, ಎರಡು ಮೂರನ್ನು ಒಂದಕ್ಕೊಂದು ಬದಲಿಸಿ, ಪ್ಲಗ್‌ಗಳನ್ನು ಮತ್ತೆ ಬಿಗಿದಳು. ಶ್ರಾವ್ಯಾ ಫೋನು ತೆಗೆದು ವಿಡಿಯೋ ಹಿಡಿಯಲು ನಿಂತಳು. "ಬಾಬಾ, ಎಲ್ರನ್ನೂ ಕರೀಲಾ?" ಎಂದು ಅಪ್ಪನನ್ನು ಕೇಳಿದಳು.

"ಬೇಡ. ಮೊದಲು ನಿಮ್ಮಮ್ಮ ಕೇಳ್ಲಿ" ಎಂದ ನಂಜುಂಡಪ್ಪ.

ಸುಭದ್ರಾ ಸೀಟಿನಲ್ಲಿ ಕೂತಳು. ಪಂಪು ಟಿಕ್ ಟಿಕ್ ಎಂದು ಬಡಿದು ನಿಂತಿತು. ಅವಳು ಗುಂಡಿ ಎಳೆದಳು. ಎಂಜಿನ್ ಒಂದು ಸುತ್ತು ತಿರುಗಿತೋ ಇಲ್ಲವೋ, ಹತ್ತಿಕೊಂಡಿತು.

ಮೊದಲು ಒಂದು ದೊಡ್ಡ ಗುಟುರು. ಗ್ಯಾರೇಜಿನ ತಗಡು ನಡುಗಿತು, ಬಾನೆಟ್ಟಿನ ಚೆಂಡುಹೂವಿನ ಹಾರ ಕುಣಿಯಿತು. ಅವಳು ಬೆಚ್ಚಿ ಕಾಲು ತುಸು ಸಡಿಲಿಸಿದಳು. ಗುಟುರು ಇಳಿದು, ತಡವರಿಸಿ, ಎರಡು ಸಲ ಕೆಮ್ಮಿ, ಆಮೇಲೆ ಒಂದೇ ಸಮನೆ ಬಡಿಯತೊಡಗಿತು. ಎಣ್ಣೆಯ ಒತ್ತಡ ಸಾಲದಾಗ ಉರಿಯುವ ಪುಟ್ಟ ದೀಪ ಆರಿತು. ಸ್ಟಿಯರಿಂಗಿನಿಂದ ಅಂಗೈಗೆ, ಸೀಟಿನಿಂದ ಬೆನ್ನಿಗೆ, ನೆಲದಿಂದ ಪಾದಕ್ಕೆ ಆ ಬಡಿತ ಹತ್ತಿತು. ಮೂವತ್ತು ವರ್ಷ ಅವಳು ಗೆರೆಗಳಲ್ಲಿ ಮಾತ್ರ ಕಂಡದ್ದು ಈಗ ಅವಳ ಮೈಯನ್ನೇ ಅಲುಗಾಡಿಸುತ್ತಿತ್ತು. ಅವಳು ಬಾಯಿ ತೆರೆದು ಏನೋ ಹೇಳಿದಳು. ಏನು ಹೇಳಿದಳೆಂದು ಅವಳಿಗೂ ಕೇಳಿಸಲಿಲ್ಲ, ವಿಡಿಯೋದಲ್ಲೂ ಸಿಗಲಿಲ್ಲ.

ಮಾಳಿಗೆಯವರನ್ನು ಯಾರೂ ಕರೆಯಬೇಕಾಗಲಿಲ್ಲ. ಕೈಯಲ್ಲಿ ಖಿಚುಡಿಯ ತಟ್ಟೆ ಹಿಡಿದುಕೊಂಡೇ ದಡದಡ ಇಳಿದು ಬಂದರು. ಯಾರೋ ಶಂಖ ಊದಿದರು. ಹೆಂಗಸರು ನಾಲಿಗೆ ಆಡಿಸಿ ಉಲುಧ್ವನಿ ಮಾಡಿದರು. ಜಯಕರ ಈ ಸಲವೂ ಹಿಂದಕ್ಕೇ ಹೋಗಿ, ಹೊಗೆ ಕೊಳವೆಯ ಮುಂದೆ ಅಂಗೈಯೊಡ್ಡಿ, "ಬಿಸಿ ಉಂಟು, ಒಳ್ಳೆ ಬಿಸಿ ಉಂಟು" ಎಂದು ಬಂದಬಂದವರಿಗೆಲ್ಲ ಸಾರಿದರು.

ಹೊಸದಾಗಿ ಕಟ್ಟಿದ ಎಂಜಿನ್ನನ್ನು ಮೊದಲ ಸಲ ಕೆಲಹೊತ್ತು ನಿಲ್ಲಿಸದೆ ಓಡಿಸಬೇಕು. ಸುಭದ್ರಾ ಒಂದು ಕಿವಿ ಎಂಜಿನ್ನಿಗೆ, ಒಂದು ಕಣ್ಣು ನೀರಿನ ಬಿಸಿಗೆ ಕೊಟ್ಟು ನಿಂತಳು. ನಂಜುಂಡಪ್ಪ ಅವಳ ಬಾಯಿಗೆ ಕರಿದ ಬದನೆಕಾಯಿಯ ತುಂಡು ಇಟ್ಟ. ಅವಳು ಅಗಿಯುತ್ತಲೇ ಒಂದು ಸ್ಕ್ರೂ ತಿರುಗಿಸಿದಳು. ಬಡಿತ ಇನ್ನಷ್ಟು ಹದವಾಯಿತು.

ಅಷ್ಟರಲ್ಲಿ ಮಾಶಿಮಾ ಇಳಿದು ಬಂದರು. ಶ್ರಾವ್ಯಾಳ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ನೇರ ಕಾರಿನ ಬಾಗಿಲಿಗೆ. ಒಳಗೆ ಕೂತು, ಸೆರಗನ್ನು ಮಡಿಲಿಗೆಳೆದುಕೊಂಡು, ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟರು. ಅವರ ಬಿಳಿಗೂದಲು ಎಂಜಿನ್ನಿನ ಬಡಿತಕ್ಕೆ ಸಣ್ಣಗೆ ಅದುರುತ್ತಿತ್ತು. ಆಮೇಲೆ ಗೇರಿನ ಕಡ್ಡಿಯನ್ನು ಹುಡುಕಿ ಹಿಡಿದರು.

"ಗೇಟು ತೆಗೆಯಿರಿ" ಎಂದರು.

ಸುಭದ್ರಾ ಗಾಬರಿಯಿಂದ ಕಿಟಕಿಗೆ ಬಗ್ಗಿದಳು. "ಮಾಶಿಮಾ, ಬೇಡ. ಇನ್ನೂ ಬ್ರೇಕ್ ಜೋಡಿಸಿಲ್ಲ."

"ಯಾಕೆ ಜೋಡಿಸಿಲ್ಲ?"

"ಮೊದಲು ಇದು ಓಡುತ್ತದೋ ಇಲ್ಲವೋ ನೋಡೋಣ ಅಂತ."

"ನೋಡಿದ್ದಾಯಿತಲ್ಲ." ಮಾಶಿಮಾ ಕೆಳಗಿಳಿಯುವ ಲಕ್ಷಣ ಕಾಣಲಿಲ್ಲ. "ದುರ್ಗಾಪೂಜೆಯ ಒಳಗೆ ಆಗುತ್ತದಾ? ಪ್ರತಿಮೆ ನೋಡಲು ಪ್ರತಿ ವರ್ಷ ನನ್ನನ್ನು ಯಾರದೋ ಟ್ಯಾಕ್ಸಿಗೆ ತುಂಬುತ್ತೀರಿ. ಈ ಸಲ ನಾನು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ."

ಸುಭದ್ರಾ ಗಂಡನನ್ನು ನೋಡಿದಳು. ನಂಜುಂಡಪ್ಪ ಆಕಾಶ ನೋಡುತ್ತ, ಇನ್ನೂ ಎಷ್ಟು ದಿನ ಅಡುಗೆಮನೆ ತನ್ನದೇ ಎಂದು ಲೆಕ್ಕ ಹಾಕುವವನ ಹಾಗೆ ತುಟಿ ಅಲುಗಿಸಿದ. ಆಮೇಲೆ ತಲೆಯಾಡಿಸಿದ.

"ಆಗುತ್ತದೆ ಮಾಶಿಮಾ" ಎಂದಳು ಸುಭದ್ರಾ.

ನೀರಿನ ಬಿಸಿ ಸರಿಯಾಗಿ ಏರಿ ನಿಂತ ಮೇಲೆ ಅವಳೇ ಕೈಚಾಚಿ ಕೀಲಿ ತಿರುಗಿಸಿದಳು. ಎಂಜಿನ್ ಮೆತ್ತಗೆ ನಿಂತಿತು. ಓಣಿಯ ಸದ್ದುಗಳೆಲ್ಲ ಒಂದೊಂದಾಗಿ ವಾಪಸು ಬಂದವು. ಜನ ಮಾತಾಡುತ್ತ, ತಟ್ಟೆ ತುಂಬಿಸಿಕೊಳ್ಳುತ್ತ ಮತ್ತೆ ಮಾಳಿಗೆ ಹತ್ತಿದರು. ಸುಭದ್ರಾ ಕೈ ತೊಳೆಯಲು ನಲ್ಲಿಯ ತನಕ ಹೋದವಳು, ಅಲ್ಲೇ ಒಂದು ಗಳಿಗೆ ನಿಂತು ಯೋಚಿಸಿದಳು. ತೊಳೆಯದೆ ಹಿಂದಿರುಗಿ ಜ್ಯಾಕ್ ಎಳೆದು ತಂದು, ಎಡಗಡೆಯ ಮುಂಚಕ್ರದ ಪಕ್ಕ ನೆಲಕ್ಕೆ ಕೂತಳು.

"ಊಟ ಮಾಡಿ ಶುರು ಮಾಡ್ಬಾರ್ದಾ?" ಎಂದ ನಂಜುಂಡಪ್ಪ.

"ನೀವು ಇಲ್ಲಿಗೇ ತನ್ನಿ" ಎಂದು ಅವಳು ಮೊದಲ ನಟ್ಟಿಗೆ ಪಾನಾ ಹಾಕಿದಳು.