ಹೆಣದ ಮುಂದೆ ಆಡಿದ ಮಾತು

ನಾನೊಂದು ಪೇಟಿ. ದೊಡ್ಡ ಊರಿನವರು ಹಾರ್ಮೋನಿಯಂ ಅನ್ನುತ್ತಾರೆ. ನಮ್ಮ ಗದಗಿನ ಕಡೆ ಪೇಟಿ ಅಂದರೆ ಸಾಕು. ಹುಟ್ಟಿದ್ದು ಮಿರಜಿನ ಒಂದು ಓಣಿಯಲ್ಲಿ. ತೇಗದ ಮೈ, ಚರ್ಮ ಹಚ್ಚಿದ ತಿದಿ, ಒಳಗೆ ದನಿ ಕೊಡುವ ಹಿತ್ತಾಳೆಯ ರೀಡುಗಳು. ಆ ರೀಡುಗಳನ್ನು ಒಬ್ಬ ಮುದುಕ ಒಂದೊಂದಾಗಿ ಕೆರೆದು ಶ್ರುತಿಗೆ ತಂದ. ಹೊಟ್ಟೆ ತುಂಬ ಉಂಡು, ಎಲೆ ಅಡಿಕೆ ಹಾಕಿಕೊಂಡು, ನೆರಳಿನಲ್ಲಿ ಕುಳಿತು ಅವನು ಆ ಕೆಲಸ ಮಾಡುತ್ತಿದ್ದ. ಹಸಿದಾಗ ರೀಡು ಮುಟ್ಟುತ್ತಿರಲಿಲ್ಲ, ಕೈ ನಡುಗುತ್ತದೆ ಅನ್ನುತ್ತಿದ್ದ. ಕಷ್ಟದ ಕಾಲದಲ್ಲೇ ಒಳ್ಳೆಯ ಹಾಡು ಹುಟ್ಟುವುದು ಎಂಬ ಮಾತನ್ನು ಆಮೇಲೆ ನಾನು ಎಷ್ಟೋ ದೊಡ್ಡವರ ಬಾಯಲ್ಲಿ ಕೇಳಿದೆ. ಅವರಲ್ಲಿ ಒಬ್ಬನೂ ರೀಡು ಕೆರೆದವನಲ್ಲ.

ನನ್ನನ್ನು ಕೊಂಡವನು ರಾಚಪ್ಪ ಮಾಸ್ತರ, ಒಂದು ನಾಟಕ ಕಂಪನಿಯ ಪೇಟಿ ಮಾಸ್ತರ. ಒಳ್ಳೆಯವನು. ಬೆರಳು ತೆಳ್ಳಗೆ, ಮಾತು ಕಡಿಮೆ. ಅವನ ಮಾಲಕ ಮಾತ್ರ ಬೇರೆ ಜಾತಿಯ ಪ್ರಾಣಿ. ಗಡಿಯಲ್ಲಿ ಯುದ್ಧ ಶುರುವಾದ ಸುದ್ದಿ ರೇಡಿಯೋದಲ್ಲಿ ಬಂದ ದಿನ ಅವನು ಕುಣಿಯುತ್ತ ಬಂದ.

"ರಾಚಪ್ಪಾ, ಅಲ್ಲಿ ಗುಂಡು ಹಾರಾಕತ್ಯಾವ, ನಮಗ ಸುಗ್ಗಿ ಬಂತಲೇ! ಒಂದು ರಕ್ತ ಕುದಿಯೋ ಹಾಡು ಹಚ್ಚು."

"ಇಷ್ಟ್ ಲಗೂ ಹೆಂಗ ಆಗತೈತ್ರಿ?"

"ಹಳೇ ಹಾಡಿಗೇ ಹೊಸ ಮಾತು ತುರುಕು. ಮಂದಿಗೇನ್ ಗೊತ್ತಾಗತೈತಿ?"

ನಾಯಕ ನಾಯಕಿಯ ಹಿಂದೆ ತಿರುಗುತ್ತ ಹಾಡುವ ಒಂದು ಶೃಂಗಾರದ ಹಾಡಿತ್ತು. 'ನಲ್ಲೆ' ಇದ್ದಲ್ಲೆಲ್ಲ 'ವೈರಿ' ಬಂತು. 'ಬಿಡೆನು ನಿನ್ನ' ಹಾಗೆಯೇ ಉಳಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯುದ್ಧ ಮುಗಿದ ಮೇಲೆ ಶಾಂತಿಯ ನಾಟಕ ಬಂತು. ಅದೇ ಮಟ್ಟು, 'ವೈರಿ' ಹೋಗಿ 'ಶಾಂತಿ' ಬಂದಳು. ಅದಕ್ಕೂ ಚಪ್ಪಾಳೆ. ಮೂರು ಸಲವೂ ನುಡಿದದ್ದು ನಾನೇ. ಮನುಷ್ಯರ ರಕ್ತ ಕುದಿಯುವುದರ ಬಗ್ಗೆ ಅಂದಿನಿಂದ ನನಗೆ ಹೆಚ್ಚಿನ ಗೌರವ ಉಳಿಯಲಿಲ್ಲ.

ರಾಚಪ್ಪನಿಗೆ ಇಬ್ಬರು ಮಕ್ಕಳು. ಮಗಳು ನೀಲವ್ವ, ಅವಳಿಗಿಂತ ಬಹಳ ಚಿಕ್ಕವನಾದ ಮಗ ಪಕ್ಕೀರಪ್ಪ. ಹೆಂಡತಿ ಬೇಗ ತೀರಿಕೊಂಡಿದ್ದಳು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ನೀಲವ್ವ ನನ್ನ ಮುಂದೆ ಕುಳಿತು ಕಲಿತಳು. ತಂದೆ ಸುಮ್ಮನೆ ಬಿಡುತ್ತಿರಲಿಲ್ಲ. "ಅತ್ತರ ಸುರ ಬರಂಗಿಲ್ಲವಾ. ಮೂಗು ಒರಸ್ಕೊ, ಮತ್ತ ಸಾ ಹಿಡಿ" ಅನ್ನುತ್ತಿದ್ದ. ಅವಳು ಹಿಡಿಯುತ್ತಿದ್ದಳು. ತಂದೆಗಿಂತ ಚೆನ್ನಾಗಿ ಬಾರಿಸತೊಡಗಿದಳು. ತಂದೆಗೆ ಅದು ಗೊತ್ತಾಗಿ ಸಂತೋಷವಾಯಿತು. ನನ್ನ ಬಾಳಿನಲ್ಲಿ ಚೆನ್ನಾದ ಕಾಲ ಅಂದರೆ ಅದೇ.

ಕಂಪನಿ ಮುಳುಗಿತು, ರಾಚಪ್ಪನೂ ಹೋದ. ಪಕ್ಕೀರಪ್ಪ ದೊಡ್ಡವನಾಗಿ ಪಲ್ಟನ್ ಸೇರಿದ. ನಾನು ನೀಲವ್ವನ ಜೊತೆ ಅವಳ ಗಂಡನ ಮನೆಯಲ್ಲಿದ್ದೆ, ಬೆಟಗೇರಿಯಲ್ಲಿ.

ಅವಳ ಗಂಡ ತಿಪ್ಪಣ್ಣ ಸಹಕಾರಿ ಸಂಘದಲ್ಲಿ ಕಾರಕೂನ. ಅದು ಹೊಟ್ಟೆಗೆ. ಮನಸ್ಸಿನಲ್ಲಿ ಅವನು ಕವಿ, 'ಕಿಡಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಯುದ್ಧ ಬೇಡ, ಬಾಂಬು ಬೇಡ ಎಂದು ಹಾಡುವ ಒಂದು ತಂಡ ಕಟ್ಟಿದ್ದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಯುದ್ಧ ಬೇಡ, ನಿಜವೇ. ಆದರೆ ಅವನ ಹಾಡುಗಳು! ಪ್ರತಿ ಹಾಡಿನಲ್ಲೂ ಒಂದು ಪಾರಿವಾಳ, ಒಂದು ರಕ್ತದ ಹೊಳೆ, ಕೊನೆಗೆ 'ಎದ್ದೇಳು'. ನೀಲವ್ವ ಪೇಟಿ ಬಾರಿಸುತ್ತಿದ್ದಳು. ಅವಳ ಬೆರಳುಗಳು ಆ ಹಾಡುಗಳು ಹರಿದಲ್ಲೆಲ್ಲ ಹೊಲಿಗೆ ಹಾಕುತ್ತಿದ್ದವು. ಚಪ್ಪಾಳೆ ಅವನಿಗೆ ಬೀಳುತ್ತಿತ್ತು.

ಎಲ್ಲೂ ಯುದ್ಧವಿಲ್ಲದೆ ಇದ್ದರೆ ಅವನು ಮಂಕಾಗುತ್ತಿದ್ದ. "ಕಾಲ ಸಪ್ಪಗಾಗೈತಿ ನೀಲಾ. ಬಿಸಿ ಇಲ್ಲ ಅಂದ್ರ ಹಾಡು ಹೆಂಗ ಬರ್ತಾವ?"

"ಹೊಲಕ್ಕ ಮಳಿ ಬರ್ಲಿಲ್ಲ ಅಂದ್ಹಂಗ ಆತಲ್ರಿ ನಿಮ್ದು" ಅಂದಿದ್ದಳು ಅವಳು ಒಮ್ಮೆ. ಅವನಿಗೆ ಚುಚ್ಚಿದ್ದು ತಿಳಿಯಲಿಲ್ಲ. ಹೋಲಿಕೆ ಚೆನ್ನಾಗಿದೆ ಅಂದ.

ಆಮೇಲೆ ಬಿಸಿ ಬಂತು. ಗಡಿಯ ಹಿಮದ ಬೆಟ್ಟಗಳಲ್ಲಿ ಗುಂಡು ಹಾರತೊಡಗಿದವು. ಯುದ್ಧವೆಂದು ಯಾರೂ ಇನ್ನೂ ಕರೆದಿರಲಿಲ್ಲ. ಅಲ್ಲಿದ್ದ ಪಕ್ಕೀರಪ್ಪ ರಜೆಯ ಮೇಲೆ ಅಕ್ಕನ ಮನೆಗೆ ಬಂದ. ಅವನಿಗೆ ಬೇರೆ ಮನೆ ಎಲ್ಲಿತ್ತು? ಮೊದಲೆಲ್ಲ ಬಂದರೆ ಓಣಿಯೇ ಗಲಗಲ. ಈ ಸಲ ಸುಮ್ಮನೆ ಕುಳಿತಿರುತ್ತಿದ್ದ. ನೀಲವ್ವ ಏನೂ ಕೇಳಲಿಲ್ಲ. ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿ ಹಾಕಿದಳು. ಅದೇ ಅವಳ ಕೇಳುವ ರೀತಿ. ಊಟಕ್ಕೆ ಕುಳಿತು ಅವನು ರೊಟ್ಟಿ ಮುರಿದ. ತಿಪ್ಪಣ್ಣ ಎದುರಿಗೆ ಕುಳಿತ.

"ಪಕ್ಕೀರಪ್ಪಾ, ಅಲ್ಲಿ ಹೆಣ ನೋಡೀಯೇನು?"

"ಹೂಂ ಮಾಮಾ."

"ಹೆಂಗಿರ್ತಾವು? ಹಿಮದಾಗ ಕೊಳಿಯಂಗಿಲ್ಲ ಅಂತಾರ, ಖರೇ ಏನು?"

"ಅವ ಉಣ್ಲಿ ಬಿಡ್ರೀ" ಅಂದಳು ನೀಲವ್ವ ಒಲೆಯ ಹತ್ತಿರದಿಂದ.

"ನೀ ಸುಮ್ಮನಿರು. ಇದು ಹಾಡಿಗೆ ಬೇಕಾಗತೈತಿ. ನಿನ್ನ ಗೆಳೆಯಾರಾಗ ಯಾರರ ಸತ್ರೇನಪಾ? ಸಾಯ್ಬೇಕಾದ್ರ ಏನರ ಅಂದ್ನೇನು? ಅವ್ವಾ ಅಂದ್ನೋ ಏನ್ ನೀರ ಕೇಳಿದ್ನೋ?"

ಪಕ್ಕೀರಪ್ಪ ತಾಟಿನ ಮುಂದಿನಿಂದ ಎದ್ದ. ಕೈ ತೊಳೆದುಕೊಂಡ. ಮುರಿದ ರೊಟ್ಟಿ ತಾಟಿನಲ್ಲೇ ಇತ್ತು. ರಜೆ ಇನ್ನೂ ಬಾಕಿ ಇತ್ತು, ಆದರೂ ಮರುದಿನವೇ ಟ್ರಂಕು ಹಿಡಿದು ಹೊರಟ.

"ಯಾಕೋ ತಮ್ಮಾ, ಇಷ್ಟ್ ಲಗೂನ?"

"ಅಲ್ಲೇ ಆರಾಮ ಅಕ್ಕಾ. ಅಲ್ಲಿ ಯಾರೂ ಏನೂ ಕೇಳಂಗಿಲ್ಲ."

ಮಳೆಗಾಲ ಹಿಡಿಯುವ ಹೊತ್ತಿಗೆ ಅವನು ಪೆಟ್ಟಿಗೆಯಲ್ಲಿ ಬಂದ. ಮೇಲೆ ಬಾವುಟ, ಮುಂದೆ ಬ್ಯಾಂಡು, ಹಿಂದೆ ಊರು. ಭಜನೆಯವರು ಬಂದರು, ನನ್ನನ್ನು ನಡುಮನೆಯ ಕಂಬಕ್ಕೆ ಒತ್ತರಿಸಿ ಕುಳಿತರು. ಆದ್ದರಿಂದ ನಾನು ಎಲ್ಲ ಕೇಳಿದೆ.

ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಬರಿದೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವನನ್ನು ಕರೆಯುತ್ತಾರೆ, ಬೈಯುತ್ತಾರೆ, ಇದ್ದವರ ಮೇಲಿನ ಸಿಟ್ಟನ್ನೂ ಅವನ ಮುಂದೆ ಹೇಳಿಕೊಳ್ಳುತ್ತಾರೆ. ಅತ್ತೆ, ಗಂಡ, ಯಾರಾದರೂ ಸರಿ, ಆ ಹೊತ್ತಿನಲ್ಲಿ ಹೆಸರು ಹಿಡಿದು ಅನ್ನಬಹುದು. ಆದರೆ ಅದಕ್ಕೊಂದು ಕಟ್ಟಳೆ ಇದೆ. ಅಂದು ಓಣಿಯ ಹಿರಿಯಳು ಬಸಲಿಂಗವ್ವ ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು: "ಹೆಣದ ಮುಂದ ಆಡಿದ ಮಾತು ಹೆಣದ ಜೋಡೀನ ಮಣ್ಣಿಗೆ ಹೋಗ್ತೈತಿ. ಯಾರೂ ಮನಸಿಗೆ ಹಚ್ಕೋಬ್ಯಾಡ್ರಿ, ಯಾರೂ ಹೊರಗ ಆಡಬ್ಯಾಡ್ರಿ. ಅಳವಾ ನೀಲವ್ವ, ಹೊಟ್ಟಿ ಹಗರ ಮಾಡ್ಕೊ."

ನೀಲವ್ವ ಅತ್ತಳು.

ಎತ್ತರ ಬೆಳದಿ ಅಂತ ಬಾಗಲಕ ಬೈದಿದ್ದೆ, ತಮ್ಮಾ
ಅಡ್ಡಾಗಿ ಬಂದೀಯಲ್ಲೋ, ಬಾಗಲಾ ಸಾಲವಲ್ದು.
ಟ್ರಂಕಿನಾಗ ಉಂಡಿ ಕಟ್ಟಿ ನಾ ನಿನಗ ಕೊಟ್ಟಿದ್ದೆ, ತಮ್ಮಾ
ಪೆಟ್ಟಿಗ್ಯಾಗ ನಿನ್ನ ಕಟ್ಟಿ ನನಗ್ಯಾರು ಕಳಿಸ್ಯಾರೋ.
ಉಣ್ಣಾಕ ಕುಂತಾಗ ಹೆಣದ ಸುದ್ದಿ ಕೇಳಿದ್ರು, ತಮ್ಮಾ
ನಿಮ್ಮ ಮಾಮಾಗ ಹಾಡು ಬೇಕಿತ್ತೋ, ಮುರದ ರೊಟ್ಟಿ ಬಿಟ್ಟೆದ್ದಿ.

ಒಂದು ಸುರ ತಪ್ಪಲಿಲ್ಲ. ಅವಳು ತಪ್ಪಬಾರದೆಂದು ಹಾಡಿದ್ದಲ್ಲ, ತಪ್ಪುವುದು ಅವಳಿಗೆ ಬರುತ್ತಿರಲಿಲ್ಲ, ಅಷ್ಟೆ. ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡರು. ತಿಪ್ಪಣ್ಣ ಕಂಬಕ್ಕೆ ಒರಗಿ ಕುಳಿತಿದ್ದ. ಅವನ ತುಟಿಗಳು ಅಲುಗುತ್ತಿದ್ದವು. ದೇವರ ನಾಮ ಅನ್ನುತ್ತಿದ್ದಾನೆ ಅಂದುಕೊಂಡರು ಜನ. ನಾನು ಅವನ ಕಾಲ ಹತ್ತಿರವೇ ಇದ್ದೆ. ಅವನು ಬಾಯಿಪಾಠ ಮಾಡುತ್ತಿದ್ದ.

ಸಾವಿನ ಮನೆಯ ದಿನಗಳು ಮುಗಿದವು. ಒಂದು ಸಂಜೆ ಅವನು ಅವಳ ಆ ಅಳುವನ್ನೇ ಹಾಡು ಮಾಡಿ ಹಾಡಿ ತೋರಿಸಿದ. ನೀಲವ್ವ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದಳು.

"ಇದು ಹೊರಗ ಆಡೋದಲ್ರಿ."

"ಹುಚ್ಚಿ, ಇಂಥಾ ಹಾಡು ನೂರು ವರ್ಷಕ್ಕೊಮ್ಮೆ ಹುಟ್ಟತೈತಿ. ಇದನ್ನ ಕೇಳಿ ನಾಕು ಮಂದಿ ಯುದ್ಧ ಬ್ಯಾಡ ಅಂದ್ರ ನಿನ್ನ ತಮ್ಮನ ಸಾವಿಗೆ ಬೆಲಿ ಬಂತಲ್ಲ? ಅವನ ಹೆಸರು ಉಳಿಯೂದು ಬ್ಯಾಡೇನು?"

ಆ ಕೊನೆಯ ಮಾತಿಗೆ ಅವಳು ಸೋತಳು. ಹೆಸರು ಉಳಿಯಲಿ ಅನ್ನಿಸಿತು. ಬಾರಿಸಲು ಒಪ್ಪಿದಳು.

ಹಾಡಿನಲ್ಲಿ ಬಾಗಿಲು ಇತ್ತು, ಉಂಡಿ ಇತ್ತು, ಪೆಟ್ಟಿಗೆ ಇತ್ತು. ಊಟದ ಸಾಲು ಇರಲಿಲ್ಲ. ಅದೊಂದನ್ನು ಮಾತ್ರ ಅವನು ಕಟ್ಟಳೆಯ ಪ್ರಕಾರ ಮಣ್ಣಿಗೆ ಬಿಟ್ಟಿದ್ದ. ಅದರ ಜಾಗಕ್ಕೆ ಒಂದು ಪಾರಿವಾಳವನ್ನು ತಂದು ಕೂರಿಸಿದ್ದ.

ಊರೂರು ತಿರುಗಿದೆವು. ಹಾಡು ಹೊತ್ತಿಕೊಂಡಿತು, ಕ್ಯಾಸೆಟ್ ಆಯಿತು. ಇಲ್ಲಿ ಒಂದು ಮಾತು ಒಪ್ಪಬೇಕು: ನನ್ನ ಮೇಲೆ ಬಾರಿಸಿದ ಹಾಡುಗಳಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ, ಪಾರಿವಾಳ ಇದ್ದೂ. ತಿಪ್ಪಣ್ಣ ಪ್ರತಿ ವೇದಿಕೆಯಲ್ಲೂ ಕೈ ಎತ್ತಿ ಹೇಳುತ್ತಿದ್ದ: ಕಷ್ಟವೇ ಹಾಡಿನ ತಾಯಿ. ಅದೇ ಕಷ್ಟದ ಕಾಲದಲ್ಲಿ ಅವನೂ ಎಷ್ಟೋ ಹಾಡು ಬರೆದಿದ್ದ. ಅವು ಯಾವುವೂ ಯಾರ ನಾಲಿಗೆಯ ಮೇಲೂ ನಿಲ್ಲಲಿಲ್ಲ. ಆ ತಾಯಿ ಅವನಿಗೇಕೆ ಹೆರಲಿಲ್ಲ ಎಂದು ಅವನು ಒಮ್ಮೆಯೂ ಯೋಚಿಸಲಿಲ್ಲ. ನೋವು ಎಲ್ಲರಿಗೂ ಬರುತ್ತದೆ. ಎಲ್ಲರೂ ಶ್ರುತಿಯಲ್ಲಿ ಅಳುವುದಿಲ್ಲ.

ಪಾರಿವಾಳದ ಸಾಲು ಬಂದಾಗೆಲ್ಲ ನೀಲವ್ವನ ಬೆರಳು ತಡವರಿಸುತ್ತಿತ್ತು. ನನ್ನ ಪಟ್ಟಿಗಳಿಗೆ ಅದು ಗೊತ್ತಾಗುತ್ತಿತ್ತು. ಬೆರಳು ಒಂದು ಕಡೆ ಹೋಗಲು ಹೊರಟು, ಅಲ್ಲಿ ಜಾಗವಿಲ್ಲದೆ ಹಿಂದಕ್ಕೆ ಬರುತ್ತಿತ್ತು.

"ಅಲ್ಲಿ ಯಾಕ ಪ್ರತಿ ಸಲ ಎಡವತಿ?" ಎಂದು ಅವನು ಗದರುತ್ತಿದ್ದ.

"ಅಲ್ಲಿ ಕಲ್ಲ ಐತ್ರಿ" ಅನ್ನುತ್ತಿದ್ದಳು.

ಅವಳಿಗೆ ಹೆಸರು ಉಳಿಸುವ ಆಸೆಯೂ ಕರಗುತ್ತ ಬಂತು. ಜನ ತಿಪ್ಪಣ್ಣನ ಹೆಸರು ಹೇಳುತ್ತಿದ್ದರು. ಪಕ್ಕೀರಪ್ಪ 'ಒಬ್ಬ ಯೋಧ' ಆಗಿದ್ದ. ಅವನು ಏಕೆ ಬೇಗ ಹೊರಟುಹೋದ ಎಂಬುದು ಅವಳೊಬ್ಬಳ ಹೊಟ್ಟೆಯಲ್ಲಿ ಉಳಿಯಿತು. ಹೆಣದ ಮುಂದೆ ಒಮ್ಮೆ ಹಗುರಾಗಿದ್ದ ಹೊಟ್ಟೆ ಪ್ರತಿ ವೇದಿಕೆಯಲ್ಲೂ ಮತ್ತೆ ಭಾರವಾಗುತ್ತಿತ್ತು.

ಹುಬ್ಬಳ್ಳಿಯಲ್ಲಿ ದೊಡ್ಡ ಶಾಂತಿ ಸಮಾವೇಶ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಭಾಷಣಕಾರರು, ಖಾದಿ ಶಲ್ಯದವರು, ಕಣ್ಣು ಮುಚ್ಚಿ ಹೇಳಿದರು: "ಸುಖದ ನಾಡಿನಲ್ಲಿ ಕಾವ್ಯ ಹುಟ್ಟುವುದಿಲ್ಲ. ಈ ಯುದ್ಧ ನಮ್ಮಿಂದ ಬಹಳ ಕಸಿದುಕೊಂಡಿತು, ಆದರೆ ಇಂಥ ಒಂದು ಹಾಡನ್ನು ಕೊಟ್ಟಿತು." ಹೆಣದ ಪೆಟ್ಟಿಗೆಯ ಜೊತೆ ಬಂದ ಉಡುಗೊರೆ ಅನ್ನುವಂತಿತ್ತು ಅವರ ದನಿ. ತಿಪ್ಪಣ್ಣ ತಲೆಯಾಡಿಸಿದ. ಹಾಡು ಶುರುವಾಯಿತು.

ಬಾಗಿಲು ಮುಗಿಯಿತು, ಪೆಟ್ಟಿಗೆ ಮುಗಿಯಿತು. ತಿಪ್ಪಣ್ಣ ಪಾರಿವಾಳಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ನೀಲವ್ವ ತಿದಿಯನ್ನು ಜೋರಾಗಿ ಒತ್ತಿದಳು. ನನ್ನ ಎದೆ ತುಂಬಿತು. ಅವಳ ಬೆರಳು ಹೋಗಬೇಕಾದಲ್ಲಿಗೆ ನೇರವಾಗಿ ಹೋಯಿತು. ಮೈಕು ಅವಳ ಮುಂದೆಯೂ ಇತ್ತು.

ಉಣ್ಣಾಕ ಕುಂತಾಗ ಹೆಣದ ಸುದ್ದಿ ಕೇಳಿದ್ರು, ತಮ್ಮಾ
ನಿಮ್ಮ ಮಾಮಾಗ ಹಾಡು ಬೇಕಿತ್ತೋ, ಮುರದ ರೊಟ್ಟಿ ಬಿಟ್ಟೆದ್ದಿ.

ಗಂಡನ ಮುಖ ನೋಡುತ್ತ ಹಾಡಿದಳು. ಅವನ ಬಾಯಿ ತೆರೆದೇ ಇತ್ತು. ಈಗ ಯಾರಾದರೂ ತಲೆ ತಗ್ಗಿಸುತ್ತಾರೆ ಎಂದು ನಾನು ಕಾದೆ. ಅವಳೂ ಕಾದಳು.

ಹಿಂದಿನಿಂದ ಒಬ್ಬ ಕೂಗಿದ: "ವನ್ಸ್ ಮೋರ್!"

ಚಪ್ಪಾಳೆ ಎದ್ದಿತು. ಶಲ್ಯದವರು ಕಣ್ಣು ಒರೆಸಿಕೊಂಡು "ಅದ್ಭುತ, ಅದ್ಭುತ" ಅಂದರು. ಇಡೀ ಮೈದಾನ ವನ್ಸ್ ಮೋರ್ ಅಂದಿತು. ನೀಲವ್ವ ನನ್ನ ಮುಚ್ಚಳ ಹಾಕಿದಳು.

ಮರುದಿನ ಬೆಳಿಗ್ಗೆ ತಿಪ್ಪಣ್ಣ ಚಹಾದ ಬಟ್ಟಲು ಹಿಡಿದು ಬಹಳ ಹೊತ್ತು ಕುಳಿತಿದ್ದ. ಅವಳು ಒಲೆಯ ಮುಂದಿದ್ದಳು. ತಪ್ಪಾಯಿತು ಅನ್ನುತ್ತಾನೇನೋ ಎಂದು ಅವಳ ಬೆನ್ನು ಕೂಡ ಕೇಳಿಸಿಕೊಳ್ಳುತ್ತಿತ್ತು.

"ನೀಲಾ."

"ಏನ್ರಿ?"

"ಆ ಸಾಲು ಚಲೋ ಐತಿ. ಸೇರಸೋಣು. 'ನಿಮ್ಮ ಮಾಮಾಗ' ಅನ್ನೂದನ್ನ ಅಷ್ಟ ತಗದು 'ದೊರಿಗಳಿಗೆ' ಅಂತ ಹಾಕೋಣು. ಅರ್ಥ ದೊಡ್ಡದಾಗತೈತಿ."

ನೀಲವ್ವ ನಕ್ಕಳು. ತಮ್ಮ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆ ನಗು ಕೇಳಿ ಅವನು ಬಟ್ಟಲು ಕೆಳಗಿಟ್ಟ.

"ಸೇರಸ್ರಿ. ದೊರಿ ಮ್ಯಾಲೆ ಹಾಕ್ರಿ, ದೇವ್ರ ಮ್ಯಾಲೆ ಹಾಕ್ರಿ. ಬಾರಿಸಾಕ ಮಾತ್ರ ಬ್ಯಾರೆಯವರನ್ನ ನೋಡ್ಕೋರಿ."

ಅವಳು ಗಂಡನ ಮನೆ ಬಿಟ್ಟು ಹೋಗಲಿಲ್ಲ. ನನ್ನನ್ನು ನಡುಮನೆಯಿಂದ ಎತ್ತಿ ಅಡಿಗೆಮನೆಗೆ ಒಯ್ದಳು. ಅಷ್ಟೇ ದೂರ ಹೋದದ್ದು. ಆದರೆ ತಿಪ್ಪಣ್ಣ ಅಲ್ಲಿಯವರೆಗೆ ಬಂದು ನನ್ನನ್ನು ಕೇಳುವ ಧೈರ್ಯ ಮಾಡಲಿಲ್ಲ. ಕರೆಂಟಿನ ಕೀಬೋರ್ಡಿನವನೊಬ್ಬನನ್ನು ಹಿಡಿದ. ಹಾಡು ದೊರೆಗಳ ಜೊತೆ ಇನ್ನೂ ತಿರುಗುತ್ತಿದೆ. ದೊರೆಗಳಿಗೆ ಅದರಿಂದ ಏನೂ ಆದಂತಿಲ್ಲ. ಅವರೂ ಕೇಳಿ ತಲೆದೂಗುತ್ತಾರಂತೆ.

ಈಗ ನನಗೆ ವಯಸ್ಸಾಗಿದೆ. ಒಲೆಯ ಹೊಗೆಗೆ ಮೈ ಕಪ್ಪಾಗಿದೆ, ರೀಡುಗಳಲ್ಲಿ ಜೋಳದ ಹಿಟ್ಟು ಕೂತಿದೆ, ತಿದಿ ಒಂದು ಕಡೆ ಬಿರುಕು ಬಿಟ್ಟಿದೆ. ನೀಲವ್ವನ ಕೂದಲೂ ಬೆಳ್ಳಗಾಗಿದೆ. ಓಣಿಯ ಹುಡುಗಿಯರು ಬರುತ್ತಾರೆ, ಅವಳು ಸಾ ಹಿಡಿಸುತ್ತಾಳೆ. ಸೀಮಂತದ ಹಾಡು, ಬೀಗರನ್ನು ಹಂಗಿಸುವ ಹಾಡು, ಇಂಥವೇ. ಒಬ್ಬಳ ಸುರ ಸರಿಯಾಗಿ ಕೂತರೆ ಅಂದು ಎಲ್ಲರಿಗೂ ಒಂದೊಂದು ಬೆಲ್ಲದ ಚೂರು.

ಮೊನ್ನೆ ಧಾರವಾಡದಿಂದ ಒಬ್ಬ ಕಾಲೇಜು ಹುಡುಗಿ ಬಂದಿದ್ದಳು, ಯುದ್ಧದ ವಿರುದ್ಧದ ಹಾಡುಗಳ ಮೇಲೆ ಏನೋ ಬರೆಯುತ್ತಾಳಂತೆ.

"ಅಕ್ಕಾರ, ಆ ಹಾಡು ಅಷ್ಟು ಚಲೋ ಯಾಕಾತ್ರಿ? ಅಂಥಾ ಕಷ್ಟ ಬಂತು ಅಂತ ಏನ್ರಿ?"

ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮಪ್ಪ ಚಲೋ ಕಲಿಸಿದ್ದ, ಅದಕ್ಕ" ಅಂದಳು.

ಹುಡುಗಿ ಇನ್ನೂ ಏನಾದರೂ ಬರುತ್ತದೇನೋ ಎಂದು ಕಾದಳು. ಬಿಸಿ ರೊಟ್ಟಿ ಬಂತು. ಅವಳು ತಿಂದು ಮುಗಿಸುವ ತನಕ ನೀಲವ್ವ ಅವಳನ್ನು ಏನೂ ಕೇಳಲಿಲ್ಲ.

ಒಳ್ಳೆಯ ಹಾಡೇ ಅದು, ನಾನೇನು ಇಲ್ಲ ಅನ್ನುವುದಿಲ್ಲ. ಪಕ್ಕೀರಪ್ಪ ಇದ್ದಿದ್ದರೆ ಈಗ ಪಿಂಚಣಿಗೆ ಬಂದು, ಹೊಟ್ಟೆ ಬೆಳೆಸಿಕೊಂಡು, ಅಕ್ಕನಿಗೆ ಕಾಟ ಕೊಡುತ್ತಿದ್ದ. ಆ ಹಾಡು ಇಲ್ಲದೆಯೂ ನಾವು ಚೆನ್ನಾಗಿಯೇ ಇರುತ್ತಿದ್ದೆವು.